ಕಲಬುರಗಿ ಬಿಸಿಲಿಗೆ ಬಾಳುವ ಬ್ಯಾಟರಿ: ಆಯ್ಕೆಯ 10 ಸೂತ್ರಗಳು

ಏಪ್ರಿಲ್ ಕೊನೆ, ಮೇ ಮೊದಲ ವಾರ ಬಂತೆಂದರೆ ಕಲಬುರಗಿಯ ಮಧ್ಯಾಹ್ನ 42–44 ಡಿಗ್ರಿ ಮುಟ್ಟುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಲು ತಯಾರಕರು ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ 45 ಡಿಗ್ರಿ. ಉಳಿಯುವ ಆ ಒಂದೆರಡು ಡಿಗ್ರಿಯ ಸಂದಿಯಲ್ಲೇ ನಮ್ಮ ಮೊಬೈಲು, ಲ್ಯಾಪ್‌ಟಾಪು, ಕ್ಯಾಮೆರಾ ಎಲ್ಲವೂ ದುಡಿಯಬೇಕು. ತಂಪು ಊರಿನವರಿಗೆಂದು ಬರೆದ ಸಲಹೆ ಸೂಪರ್ ಮಾರ್ಕೆಟ್ಟಿನ ಗಿರಾಕಿಗಾಗಲಿ, ಹುಮನಾಬಾದ್ ರಸ್ತೆಯ ಕಮಲಾಪುರದ ಬಾಳೆ ಬೆಳೆಗಾರನಿಗಾಗಲಿ ಅರ್ಧ ಮಾತ್ರ ಉಪಯೋಗ. ಅಂಗಡಿಗೆ ಹೋದವರು ಮೊದಲು ಕೇಳುವುದು "ಎಷ್ಟು ಎಂಎಎಚ್?" ಎಂದು. ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಈ ಸಾಧನ ಎಷ್ಟು ಕರೆಂಟ್ ಎಳೆಯುತ್ತದೆ, ಇಡೀ ಬೇಸಿಗೆ ಎಲ್ಲಿ ಕೂತಿರುತ್ತದೆ ಎಂಬ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಅದನ್ನು ಕೇಳಬೇಕು.

1. ಸಾಧನ ನೋಡಿ ಸೆಲ್ ಕೊಳ್ಳಿ

ಗೋಡೆ ಗಡಿಯಾರಕ್ಕೆ ರೀಚಾರ್ಜ್ ಸೆಲ್ ಬೇಡ. ಒಂದು ಮಾಮೂಲಿ ಸೆಲ್ ಅಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಟಿವಿ ರಿಮೋಟಿನ ಲೆಕ್ಕವೂ ಅಷ್ಟೇ. ತಿಂಗಳು, ಎರಡು ತಿಂಗಳಿಗೊಮ್ಮೆ ಸೆಲ್ ಬದಲಿಸಬೇಕಾದ ಸಾಧನಗಳನ್ನು ಹುಡುಕಿ: ದಿನವೂ ಬಳಸುವ ಬಿಪಿ ಯಂತ್ರ, ಮಕ್ಕಳ ಕಾರು, ವೈರ್‌ಲೆಸ್ ಮೌಸ್, ಫೋಟೋಗ್ರಾಫರನ ಫ್ಲ್ಯಾಶ್, ಭಜನೆ ಮಂಡಳಿಯ ಕಾರ್ಡ್‌ಲೆಸ್ ಮೈಕ್. ರೀಚಾರ್ಜ್ ಸೆಲ್ಲಿಗೆ ಹಾಕಿದ ರೊಕ್ಕ ವಾಪಸಾಗುವುದು ಇಂಥಲ್ಲಿ.

2. 1.2 ವೋಲ್ಟ್ ಎಂದು ಹಿಂಜರಿಯಬೇಡಿ

ಆಲ್ಕಲೈನ್ ಸೆಲ್ ಮೇಲೆ 1.5 ಎಂದಿದೆ, ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಮೇಲೆ 1.2 ಎಂದಿದೆ. "ಇದರಲ್ಲಿ ಜೋರಿಲ್ಲ" ಎಂದು ಹಿಂದಿರುಗಿಸುವವರಿದ್ದಾರೆ. ಆಲ್ಕಲೈನ್ 1.5ರಲ್ಲಿ ಶುರುವಾದರೂ ಬಳಸಿದಂತೆಲ್ಲ ಇಳಿಯುತ್ತಾ 1 ವೋಲ್ಟಿನ ಹತ್ತಿರ ಬರುತ್ತದೆ. ನಿಕಲ್ ಸೆಲ್ ಬಹುಪಾಲು ಕೊನೆಯವರೆಗೂ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದರ ಒಳಪ್ರತಿರೋಧವೂ ಕಡಿಮೆ. ಹಾಗಾಗಿ ಮದುವೆ ಮಂಟಪದಲ್ಲಿ ಒಂದರ ಹಿಂದೊಂದು ಫ್ಲ್ಯಾಶ್ ಹೊಡೆಯುವವರಿಗೆ ಆಲ್ಕಲೈನ್‌ಗಿಂತ ಇದೇ ಬೇಗ ಸಿದ್ಧವಾಗುತ್ತದೆ. ಕೆಲವು ಹಳೆಯ ಸಾಧನಗಳು ಮಾತ್ರ 1.2ಕ್ಕೆ ಒಗ್ಗುವುದಿಲ್ಲ. ಕೈಪಿಡಿಯಲ್ಲಿ ಅದನ್ನು ಬರೆದಿರುತ್ತಾರೆ, ಓದಿಕೊಳ್ಳಿ.

3. ಸುಳ್ಳು ಅಂಕಿಗೆ ಮರುಳಾಗಬೇಡಿ

ಎಎ ಅಳತೆಯ ನಿಕಲ್ ಸೆಲ್ಲಿನ ನಿಜವಾದ ಸಾಮರ್ಥ್ಯ 1900ರಿಂದ 2700 ಎಂಎಎಚ್ ಒಳಗೆ. 3000ದ ಮೇಲೆ ಬರೆದಿದ್ದರೆ ಅಲ್ಲೇ ಬಿಡಿ. ಟಾರ್ಚಿಗೆ ಹಾಕುವ 18650 ಲಿಥಿಯಂ ಸೆಲ್ಲಿನಲ್ಲಿ ಒಳ್ಳೆಯ ಕಂಪನಿಯವರಿಗೇ 3500ರ ಆಚೆ ಹೋಗುವುದು ಕಷ್ಟ. ರಸ್ತೆ ಬದಿಯಲ್ಲಿ 9900 ಎಂದು ಅಚ್ಚಾದದ್ದು ಸಿಗುತ್ತದಲ್ಲ, ಅದು ಶುದ್ಧ ಮೋಸ.

ನಿಜವಾದ ದೊಡ್ಡ ಅಂಕಿಗೂ ಒಂದು ಬೆಲೆ ಇದೆ. ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಟ್ಟರೂ ಸೋರದ ನಿಕಲ್ ಸೆಲ್ಲನ್ನು ಸ್ಯಾನ್ಯೊ ಕಂಪನಿ 2005ರಲ್ಲಿ ಎನಿಲೂಪ್ ಹೆಸರಲ್ಲಿ ತಂದಿತು. ಈಗ ಅದು ಪ್ಯಾನಸೋನಿಕ್ ಕೈಯಲ್ಲಿದೆ. ಅದರದೇ 2000 ಎಂಎಎಚ್ ಸೆಲ್ಲಿಗೆ ಕಂಪನಿ 2100 ಸಲ ಚಾರ್ಜಿನ ಬಾಳಿಕೆ ಹೇಳಿದರೆ, 2500ರ ಪ್ರೊ ಸೆಲ್ಲಿಗೆ ಹೇಳುವುದು 500 ಸಲ. ಮನೆಗೆ 2000ದ್ದು ಸಾಕು. ಯಾವ ಕಂಪನಿಯದಾದರೂ "ಲೋ ಸೆಲ್ಫ್ ಡಿಸ್ಚಾರ್ಜ್" ಅಥವಾ "ರೆಡಿ ಟು ಯೂಸ್" ಎಂದಿರುವುದನ್ನೇ ಆರಿಸಿ. ಹಳೆಯ ಬಗೆಯ ನಿಕಲ್ ಸೆಲ್ ಸುಮ್ಮನೆ ಕೂತಲ್ಲೇ ತಿಂಗಳಿಗೆ 20–30% ಕಳೆದುಕೊಳ್ಳುತ್ತದೆ. ಬಿಸಿಲಲ್ಲಿ ಇನ್ನೂ ಬೇಗ.

4. ಬಿಸಿಲನ್ನು ಲೆಕ್ಕಕ್ಕೆ ಹಿಡಿಯಿರಿ

ಹತ್ತರಲ್ಲಿ ಒಂದನ್ನೇ ನೆನಪಿಡುತ್ತೇನೆ ಎನ್ನುವವರಿಗೆ ಇದನ್ನು ಕೊಡುತ್ತೇನೆ. ಪೂರ್ತಿ ತುಂಬಿದ ಲಿಥಿಯಂ ಅಯಾನ್ ಸೆಲ್ಲನ್ನು 25 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೆ ಮೂಲ ಸಾಮರ್ಥ್ಯದ ಸುಮಾರು 80% ಉಳಿಯುತ್ತದೆ. 40 ಡಿಗ್ರಿಯಲ್ಲಿ ಇಟ್ಟರೆ ಉಳಿಯುವುದು ಸುಮಾರು 65%. ಅದೇ 40 ಡಿಗ್ರಿಯಲ್ಲಿ, ಅರ್ಧಕ್ಕಿಂತ ತುಸು ಕಡಿಮೆ ಚಾರ್ಜಿನಲ್ಲಿ ಇಟ್ಟರೆ 85%ರ ಹತ್ತಿರ. ಅಂದರೆ ಹಾಳು ಮಾಡುವುದು ಬಿಸಿಲೊಂದೇ ಅಲ್ಲ, ಬಿಸಿಲೂ ತುಂಬಿದ ಹೊಟ್ಟೆಯೂ ಸೇರಿ.

ಇದರಿಂದ ಮಾಡಬೇಕಾದ್ದು ಸ್ಪಷ್ಟ. ಬಳಸದೆ ಇಡುವ ಕ್ಯಾಮೆರಾ ಬ್ಯಾಟರಿ, ಹಳೆಯ ಫೋನು, ಪವರ್ ಬ್ಯಾಂಕು ಯಾವುದನ್ನೂ 100%ಗೆ ತುಂಬಿಸಿ ಕಪಾಟಿನಲ್ಲಿಡಬೇಡಿ, 40–50% ಸಾಕು. ಸದಾ ಪ್ಲಗ್ಗಿನಲ್ಲೇ ಇರುವ ಆಫೀಸ್ ಲ್ಯಾಪ್‌ಟಾಪಿನಲ್ಲಿ ಚಾರ್ಜನ್ನು 80%ಗೆ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ, ಇಂದೇ ಹಾಕಿ. ಬೇಸಿಗೆಯಲ್ಲಿ ಚಾರ್ಜಿಂಗನ್ನು ಮಧ್ಯಾಹ್ನದಿಂದ ನಸುಕಿಗೆ ದೂಡಿ. ಹಾಸಿಗೆ, ದಿಂಬಿನ ಮೇಲಲ್ಲ, ಶಹಾಬಾದ್ ಫರಸಿಯ ಬರೀ ನೆಲದ ಮೇಲಿಟ್ಟು ಚಾರ್ಜ್ ಮಾಡಿ. ಆ ಕಲ್ಲು ಶಾಖ ಎಳೆದುಕೊಳ್ಳುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್, ಬೈಕಿನ ಡಿಕ್ಕಿ, ತಗಡಿನ ಶೆಡ್ಡು ಮೂರೂ ನಿಷಿದ್ಧ.

5. ಚಾರ್ಜರಿಗೆ ಜಿಪುಣತನ ಬೇಡ

ಒಳ್ಳೆಯ ಸೆಲ್ಲನ್ನು ಕೆಟ್ಟ ಚಾರ್ಜರ್ ಒಂದೇ ವರ್ಷದಲ್ಲಿ ಮುಗಿಸುತ್ತದೆ. ಪ್ರತಿ ಸೆಲ್ಲಿಗೂ ಬೇರೆ ದೀಪ ಇರುವ, ತುಂಬಿದ ಕೂಡಲೇ ತಾನೇ ನಿಲ್ಲುವ ಸ್ಮಾರ್ಟ್ ಚಾರ್ಜರ್ ಕೊಳ್ಳಿ. ಎರಡೆರಡು ಸೆಲ್ ಜೋಡಿಯಾಗಿಯೇ ಹಾಕಬೇಕಾದದ್ದು, ಗಂಟೆ ನೋಡಿ ನಾವೇ ತೆಗೆಯಬೇಕಾದದ್ದು ಬೇಡ. ನಡುವೆ ಕರೆಂಟ್ ಹೋಗಿ ಬರುವ ಊರಲ್ಲಿ ಟೈಮರ್ ಚಾರ್ಜರ್ ಇನ್ನಷ್ಟು ಅಪಾಯ. ಕರೆಂಟ್ ಬಂದಾಗ ಎಣಿಕೆ ಮೊದಲಿನಿಂದ ಶುರು ಮಾಡಿ ತುಂಬಿದ್ದನ್ನೇ ಮತ್ತೆ ತುಂಬುವಂಥವಿವೆ. ಹದಿನೈದು ನಿಮಿಷದಲ್ಲಿ ತುಂಬುತ್ತೇನೆ ಎನ್ನುವ ಚಾರ್ಜರ್ ಸೆಲ್ಲನ್ನು ಕಾಯಿಸುತ್ತದೆ. ನಮ್ಮ ಬೇಸಿಗೆಗೆ ಆ ಕಾವು ಬೇಕಿಲ್ಲ.

6. ಜತೆ ಒಡೆಯಬೇಡಿ

ನಾಲ್ಕು ಸೆಲ್ ಹಾಕುವ ಸಾಧನದಲ್ಲಿ ಒಂದು ಹಳೆಯದು ಸೇರಿದರೆ ಜೋಡೆತ್ತಿನಲ್ಲಿ ಒಂದು ಕುಂಟಿದಂತೆ, ಇಡೀ ಬಂಡಿ ಅದರ ನಡಿಗೆಗೇ ಬರುತ್ತದೆ. ಬರಿದಾದ ಮೇಲೂ ಉಳಿದವು ಅದನ್ನು ಎಳೆದು ಪೂರ್ತಿ ಕೊಲ್ಲುತ್ತವೆ. ಒಟ್ಟಿಗೆ ಕೊಂಡ ನಾಲ್ಕಕ್ಕೂ ಮಾರ್ಕರಿನಲ್ಲಿ ಒಂದೇ ಗುರುತು, ಕೊಂಡ ತಿಂಗಳು ಬರೆಯಿರಿ. ಒಟ್ಟಿಗೇ ಹಾಕಿ, ಒಟ್ಟಿಗೇ ತೆಗೆಯಿರಿ.

7. ಅಳತೆ ಒಂದೇ, ವೋಲ್ಟೇಜ್ ಬೇರೆ

14500 ಎಂಬ ಲಿಥಿಯಂ ಸೆಲ್ ನೋಡಲು ಥೇಟ್ ಎಎ ಸೆಲ್. ಆದರೆ ಅದರದು 3.7 ವೋಲ್ಟ್. ರಿಮೋಟಿಗೋ ಆಟಿಕೆಗೋ ಹಾಕಿದರೆ ಸಾಧನ ಸುಟ್ಟಿತು. ಈಚೆಗೆ ಬಂದ, ಯುಎಸ್‌ಬಿ ತೂತಿರುವ 1.5 ವೋಲ್ಟಿನ ಲಿಥಿಯಂ ಎಎ ಸೆಲ್ಲುಗಳು ಬೇರೆ. ಅವು ಒಳಗಿನ ಸರ್ಕ್ಯೂಟಿನಿಂದ ವೋಲ್ಟೇಜ್ ಇಳಿಸಿ ಕೊಡುತ್ತವೆ. ಕೊನೆಯವರೆಗೂ 1.5ನ್ನೇ ತೋರಿಸಿ ಒಮ್ಮೆಲೇ ನಿಲ್ಲುವುದು ಅವುಗಳ ಗುಣ. ಪ್ರವಚನದ ನಡುವೆ ಮೈಕ್ ಮುನ್ಸೂಚನೆಯಿಲ್ಲದೆ ಸಾಯಬಾರದು ಎಂದಿದ್ದರೆ, ಆ ಸರ್ಕ್ಯೂಟಿನ ಸದ್ದು ರೇಡಿಯೊ ಮೈಕಿಗೆ ತಾಗಬಾರದು ಎಂದಿದ್ದರೆ, ನಿಕಲ್ ಸೆಲ್ಲೇ ಹಾಕಿ.

8. ದುಡಿಮೆಯ ಸಾಧನಕ್ಕೆ ಒಂದು ಜತೆ ಹೆಚ್ಚು

ಶರಣಬಸವೇಶ್ವರ ಜಾತ್ರೆಯಿರಲಿ, ಬಂದೇ ನವಾಜ್ ಉರುಸ್ ಇರಲಿ, ಮೇ ತಿಂಗಳ ಮದುವೆಯಿರಲಿ, ಆ ಕ್ಷಣ ಮತ್ತೆ ಬರುವುದಿಲ್ಲ. ಒಂದು ದೊಡ್ಡ ಬ್ಯಾಟರಿಗಿಂತ ಎರಡು ಮಾಮೂಲಿ ಬ್ಯಾಟರಿ ಮೇಲು: ಒಂದು ಕಾದರೆ ಇನ್ನೊಂದು ನೆರಳಲ್ಲಿ ತಣ್ಣಗಿರುತ್ತದೆ. ಕಾದು ಬಂದ ಬ್ಯಾಟರಿಯನ್ನು ನೇರ ಚಾರ್ಜರಿಗೆ ಹಾಕದೆ ಅರ್ಧ ತಾಸು ಆರಲು ಬಿಡಿ.

ಪವರ್ ಬ್ಯಾಂಕಿನ ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ. 10,000 ಎಂಎಎಚ್ ಎನ್ನುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಅಂಕಿ, ಅಂದರೆ 37 ವ್ಯಾಟ್ ಅವರ್. 5 ವೋಲ್ಟಿಗೆ ಏರಿಸಿ ಕೊಡುವಾಗ ಕೈಗೆ ಸಿಗುವುದು 6,000ದ ಸುತ್ತ. ವಿಮಾನದಲ್ಲಿ 100 ವ್ಯಾಟ್ ಅವರ್‌ವರೆಗಿನದನ್ನು ಕೈಚೀಲದಲ್ಲಿ ಮಾತ್ರ ಒಯ್ಯಬಹುದು.

9. ಇನ್ವರ್ಟರ್ ಮತ್ತು ಹೊಲದ ಬ್ಯಾಟರಿ

ಲೆಡ್ ಆ್ಯಸಿಡ್ ಬ್ಯಾಟರಿಯ ವಿಷಯದಲ್ಲಿ ತಂತ್ರಜ್ಞರು ಒಪ್ಪುವ ನಿಯಮ: 25 ಡಿಗ್ರಿ ದಾಟಿದ ಮೇಲೆ ಪ್ರತಿ 8–10 ಡಿಗ್ರಿಗೆ ಆಯಸ್ಸು ಅರ್ಧಕ್ಕಿಳಿಯುತ್ತದೆ. ಹಾಗಿರುವಾಗ ಇನ್ವರ್ಟರ್ ಬ್ಯಾಟರಿಯನ್ನು ಪಶ್ಚಿಮದ ಬಿಸಿಲು ಬಡಿಯುವ ಬಾಲ್ಕನಿಯಲ್ಲೋ ಮಾಳಿಗೆಯ ಮೆಟ್ಟಿಲ ಕೋಣೆಯಲ್ಲೋ ಇಡುವುದು ರೊಕ್ಕ ಸುಟ್ಟಂತೆಯೇ. ಗಾಳಿಯಾಡುವ, ನೆಲಮಟ್ಟದ ನೆರಳಿನ ಜಾಗ ಬೇಕು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಗಡಸು ಬೋರ್ ನೀರು ಪ್ಲೇಟನ್ನು ತಿನ್ನುತ್ತದೆ, ಫಿಲ್ಟರ್ ನೀರೂ ಬೇಡ.

12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್ ಅವರ್ ಇದೆ. ನಷ್ಟ ಕಳೆದು 200 ವ್ಯಾಟ್ ಹೊರೆಗೆ ಐದು ತಾಸಿನ ಆಸುಪಾಸು. ಇನ್ನೂ ದೊಡ್ಡ ಬ್ಯಾಟರಿ ಹುಡುಕುವ ಮುನ್ನ ಫ್ಯಾನ್ ಬದಲಿಸಿ ನೋಡಿ: ಹಳೆಯ ಫ್ಯಾನ್ 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಹೊಸದಾಗಿ ಕೊಳ್ಳುವವರು ಲಿಥಿಯಂ ಐರನ್ ಫಾಸ್ಫೇಟ್ ಬಗೆಯನ್ನು ವಿಚಾರಿಸಲೇಬೇಕು. ಬೆಲೆ ಹೆಚ್ಚು. ಆದರೆ ನೀರು ಹಾಕುವುದಿಲ್ಲ, ಎರಡು ಸಾವಿರಕ್ಕೂ ಹೆಚ್ಚು ಸಲ ಚಾರ್ಜಾಗುತ್ತದೆ, ಉಳಿದ ಲಿಥಿಯಂ ಬಗೆಗಳಿಗಿಂತ ಕಾವು ತಡೆಯುತ್ತದೆ. ಇನ್ವರ್ಟರ್ ಅದಕ್ಕೆ ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ಕಮಲಾಪುರದ ಕಡೆ ಕೆಂಪು ಬಾಳೆಗೆ ರಾತ್ರಿ ಪಾಳಿಯಲ್ಲಿ ನೀರು ಬಿಡುವವರಿಗೆ ತಲೆಗೆ ಕಟ್ಟುವ ಟಾರ್ಚು ಜೀವ ಕಾಯುವ ವಸ್ತು, ಹಾವು ಚೇಳಿನ ಹೊಲ ಅದು. ಅಲ್ಲಿ ಅಗ್ಗದ ಸೆಲ್ ಬೇಡವೇ ಬೇಡ. ತೊಗರಿಗೆ ಎಣ್ಣೆ ಹೊಡೆಯುವ ಬ್ಯಾಟರಿ ಪಂಪಿನಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಲೆಡ್ ಆ್ಯಸಿಡ್ ಬ್ಯಾಟರಿ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಬರಿದಾದ ಪಂಪನ್ನು ಶೆಡ್ಡಿನಲ್ಲಿ ಎಸೆದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮುಂಗಾರಿಗೆ ತೆಗೆದಾಗ "ಚಾರ್ಜೇ ಹಿಡಿಯಂಗಿಲ್ಲ" ಎನ್ನುವಂತಾಗುತ್ತದೆ. ಲಿಥಿಯಂಗೆ ಹೇಳಿದ್ದರ ತಿರುವು ಇಲ್ಲಿದೆ: ಲೆಡ್ ಆ್ಯಸಿಡನ್ನು ಪೂರ್ತಿ ತುಂಬಿಸಿ ಇಡಬೇಕು, ಎರಡು ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು.

10. ಕೊಳ್ಳುವಾಗ ಗುರುತು, ಬಿಡುವಾಗ ಜಾಗ್ರತೆ

ಲಿಥಿಯಂ ಸೆಲ್ಲು, ಪವರ್ ಬ್ಯಾಂಕುಗಳಿಗೆ ನಮ್ಮ ದೇಶದಲ್ಲಿ ಬಿಐಎಸ್ ನೋಂದಣಿ ಕಡ್ಡಾಯ. ಲೇಬಲಿನ ಮೇಲೆ ಮಾನಕದ ಗುರುತು, "ಆರ್" ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರಿಗೆ ಕೊಟ್ಟದ್ದು ಎಂದು ಅಂಗಡಿಯಲ್ಲೇ ಗೊತ್ತಾಗುತ್ತದೆ. ಬಿಲ್ ಕೇಳಿ ಪಡೆಯಿರಿ.

ಸತ್ತ ಸೆಲ್ಲನ್ನು ಕಸದ ಗಾಡಿಗೆ ಹಾಕಬೇಡಿ. ಲಿಥಿಯಂ ಸೆಲ್ ಒತ್ತಡಕ್ಕೆ ಸಿಕ್ಕರೆ ಹೊತ್ತಿಕೊಳ್ಳುತ್ತದೆ, ಗಾಡಿಯ ಮೇಲೆ ದುಡಿಯುವವರು ಅದರ ಪಕ್ಕದಲ್ಲೇ ಇರುತ್ತಾರೆ. ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ತಯಾರಕರ ಮೇಲೆಯೇ ಹಾಕಿದೆ. ಆದ್ದರಿಂದ ಹೊಸದು ಕೊಳ್ಳುವಾಗ ಹಳೆಯದನ್ನು ತೆಗೆದುಕೊಳ್ಳಿ ಎಂದು ಕೇಳಲು ಸಂಕೋಚ ಬೇಡ. ಕೊಡುವ ಮುನ್ನ ಎರಡೂ ತುದಿಗೆ ಟೇಪ್ ಸುತ್ತಿ. ಉಬ್ಬಿದ ಫೋನ್ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ, ಇನ್ನೊಂದೇ ಸಲ ಎಂದು ಚಾರ್ಜಿಗೂ ಹಾಕಬೇಡಿ. ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿಯದೆ, ಮನೆಯ ಹೊರಗಿನ ನೆರಳಿನಲ್ಲಿರಿಸಿ ಅದೇ ದಿನ ಸರ್ವಿಸ್ ಕೇಂದ್ರಕ್ಕೆ ತಲುಪಿಸಿ.