ಸೊಂಟನೋವು: ಬೆನ್ನು ಒತ್ತಿಸುವ ಮೊದಲು

“ಬೆನ್ನು ಒತ್ತಿಸಿದರೆ ಸೊಂಟನೋವು ಹೋಗುತ್ತದೆಯೇ ಡಾಕ್ಟ್ರೇ?” ಎಂದು ಅನೇಕರು ಕೇಳುತ್ತಾರೆ. ಸ್ನಾಯು, ಕೀಲುಗಳನ್ನು ಕೈಯಿಂದಲೇ ಒತ್ತಿ, ಎಳೆದು, ಸಡಿಲಿಸುವ ಚಿಕಿತ್ಸೆಗಳಲ್ಲಿ ಆಸ್ಟಿಯೋಪತಿಯೂ ಒಂದು. ಅಮೆರಿಕದ ವೈದ್ಯ ಆಂಡ್ರೂ ಟೇಲರ್ ಸ್ಟಿಲ್ 1874ರಲ್ಲಿ ಇದನ್ನು ಪ್ರತಿಪಾದಿಸಿದರು. ಭಾರ ಎತ್ತಿ ಬಂದ ಸಾಮಾನ್ಯ ಸೊಂಟನೋವಿಗೆ ಇದರಿಂದ ತುಸು ಉಪಶಮನ ಸಿಗಬಹುದು. ಆದರೆ ಅಂಥ ನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಹಾಸಿಗೆ ಹಿಡಿಯದೆ ನಡೆದಾಡುತ್ತಿರಿ.

ನೋವಿನ ಜೊತೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅಥವಾ ವಯಸ್ಸಾದವರು ಬಿದ್ದ ಮೇಲೆ ನೋವು ಬಂದಿದ್ದರೆ ಬೆನ್ನು ಒತ್ತಿಸಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ತಡಮಾಡಿದರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು.