ಮೊದಲೇ ದುಡ್ಡು ಕೇಳುವ ಮಾಡೆಲಿಂಗ್ ಏಜೆನ್ಸಿ

ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಫೋಟೋ ನೋಡಿ, ‘ಒಡವೆ ಅಂಗಡಿಯ ಜಾಹೀರಾತಿಗೆ ನೀವು ಸೆಲೆಕ್ಟ್ ಆಗಿದ್ದೀರಿ’ ಎಂದು ಯಾರಾದರೂ ಮೆಸೇಜ್ ಕಳಿಸಿದರೆ ಹಿಗ್ಗುವುದು ಸಹಜ. ಮುಂದಿನ ಮಾತನ್ನು ಮಾತ್ರ ಗಮನವಿಟ್ಟು ಕೇಳಿ. ಮೊದಲು ನೋಂದಣಿ ಶುಲ್ಕ, ಆಮೇಲೆ ಪೋರ್ಟ್‌ಫೋಲಿಯೊ, ಅದೂ ಅವರು ಹೇಳಿದ ಸ್ಟುಡಿಯೊದಲ್ಲೇ. ಸಂಜೆಯೊಳಗೆ ಹಣ ಹಾಕದಿದ್ದರೆ ಚಾನ್ಸ್ ಬೇರೆಯವರಿಗೆ. ಹಣ ಕೈಸೇರಿದ ಮೇಲೆ ‘ಶೂಟಿಂಗ್ ಮುಂದಕ್ಕೆ ಹೋಗಿದೆ’ ಎನ್ನುತ್ತಾರೆ. ಕೊನೆಗೆ ಫೋನೇ ಸ್ವಿಚ್ ಆಫ್. ಇಂಥವರ ಸಂಪಾದನೆ ಜಾಹೀರಾತಿನಿಂದಲ್ಲ, ನಿಮ್ಮ ಜೇಬಿನಿಂದ.

ನೆಟ್ಟಗಿನ ಏಜೆನ್ಸಿ ಕೆಲಸ ಕೊಡಿಸಿ, ಬಂದ ಸಂಭಾವನೆಯಲ್ಲಿ ಕಮಿಷನ್ ಹಿಡಿದುಕೊಳ್ಳುತ್ತದೆ. ಶುರುವಿಗೆ ಮೇಕಪ್ಪಿಲ್ಲದೆ, ಖಾಲಿ ಗೋಡೆಯ ಮುಂದೆ ಮೊಬೈಲಿನಲ್ಲಿ ತೆಗೆದ ನಾಲ್ಕಾರು ಫೋಟೋ ಸಾಕು. ದೊಡ್ಡ ಬ್ರ್ಯಾಂಡಿನ ಹೆಸರು ಹೇಳಿದರೆ ಆ ಕಂಪನಿಯನ್ನೇ ವಿಚಾರಿಸಿ. ಆಡಿಷನ್ ಹೋಟೆಲ್ ರೂಮಿನಲ್ಲಿ ಎಂದರೆ ಹೋಗಲೇಬೇಡಿ. ಅಳತೆ ನೋಡುವ ನೆಪದಲ್ಲಿ ಅರೆಬಟ್ಟೆಯ ಫೋಟೋ ಕೇಳಿದರೆ ಖಂಡಿತ ಕಳಿಸಬೇಡಿ. ನಾಳೆ ಅದನ್ನೇ ತೋರಿಸಿ ಬೆದರಿಸಬಹುದು.

ಈಗಾಗಲೇ ಮೋಸ ಹೋಗಿದ್ದರೆ ಮನೆಯವರಿಗೆ ಹೆದರಿ ಸುಮ್ಮನಿರಬೇಡಿ, ತಪ್ಪು ನಿಮ್ಮದಲ್ಲ. ಚಾಟ್, ಹಣ ಕಳಿಸಿದ ವಿವರ ಯಾವುದನ್ನೂ ಅಳಿಸದೆ, ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.