ಬೋರ್ಡು ಬರೆಯುವ ಅಂಗಡಿಯ ಗಣಿತ: ವಿನ್ಯಾಸ ತಂತ್ರಾಂಶಗಳ ಹೊಂದಾಣಿಕೆ ಕುರಿತು 9ನೇ ತರಗತಿಗೆ ಎರಡು ಅವಧಿಗಳ ಅನ್ವಯ ಪಾಠ

ಪೀಠಿಕೆ

ತಾಲ್ಲೂಕು ಕೇಂದ್ರದ ಪೇಟೆ ಬೀದಿಯಲ್ಲಿ ಒಂದೆರಡು ಫ್ಲೆಕ್ಸ್ ಅಥವಾ ಸ್ಟಿಕ್ಕರ್ ಅಂಗಡಿಗಳು ಇದ್ದೇ ಇರುತ್ತವೆ. ಪಿಯುಸಿ ಮುಗಿಸಿ ಡಿಟಿಪಿ ಕಲಿತವರು ಸಣ್ಣ ಸಾಲ ಮಾಡಿ ಇಂಥ ಅಂಗಡಿ ತೆರೆಯುವುದುಂಟು. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ಸಿಗುವ ಸಾಲದ ಮಿತಿ 50,000 ರೂಪಾಯಿ. ಅಷ್ಟು ಹಣದಲ್ಲಿ ಹೊರಟವರಿಗೆ ಕೊಂಡ ಯಂತ್ರ ತಮ್ಮ ಫೈಲನ್ನು ಓದದಿದ್ದರೆ ಮೊದಲ ತಿಂಗಳ ಕಂತಿನಿಂದಲೇ ಕಷ್ಟ ಶುರುವಾಗುತ್ತದೆ. ನಮ್ಮ ಮುಂದೆ ಕೂತಿರುವ ಮಕ್ಕಳಲ್ಲಿ ಕೆಲವರು ನಾಲ್ಕೈದು ವರ್ಷಗಳಲ್ಲಿ ಈ ಕೆಲಸಕ್ಕೇ ಇಳಿಯಬಹುದು. ಆದ್ದರಿಂದ ಈ ವಿಷಯವನ್ನು ಗಣಿತದ ಅನ್ವಯ ಪಾಠವಾಗಿ ರೂಪಿಸಲಾಗಿದೆ.

ಅಂಗಡಿ ಹಾಕುವವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಯಾವ ತಂತ್ರಾಂಶ ಒಳ್ಳೆಯದು?’ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನನ್ನ ಫೈಲ್ ಯಾರ ಕೈಗೆ, ಯಾವ ಯಂತ್ರಕ್ಕೆ ಹೋಗುತ್ತದೆ? ಅಲ್ಲಿ ತಲುಪುವಾಗ ರೂಪ, ಅಕ್ಷರ, ಅಳತೆ ಈ ಮೂರೂ ಹಾಗೆಯೇ ಉಳಿದಿರುತ್ತವೆಯೇ? ಇಡೀ ಪಾಠ ಈ ಮೂರು ಪರೀಕ್ಷೆಗಳ ಮೇಲೆ ನಿಂತಿದೆ.

ಕಲಿಕಾ ಫಲಗಳು

1. ಪಿಕ್ಸೆಲ್ ಚಿತ್ರಕ್ಕೂ ವೆಕ್ಟರ್ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕದ ಮೂಲಕ ವಿವರಿಸುವರು.
2. ನಿರ್ದೇಶಾಂಕಗಳನ್ನು ಬಳಸಿ ಆಕೃತಿಯನ್ನು ಆಜ್ಞೆಗಳಾಗಿ ಬರೆಯುವರು.
3. ಅಳತೆಯ ಏಕಮಾನ ಬದಲಾದಾಗ ಉದ್ದ ಮತ್ತು ವಿಸ್ತೀರ್ಣದ ಮೇಲಾಗುವ ಪರಿಣಾಮವನ್ನು ಅನುಪಾತದಿಂದ ಕಂಡುಹಿಡಿಯುವರು.
4. ಕನ್ನಡ ಅಕ್ಷರಗಳು ಕಂಪ್ಯೂಟರಿನಲ್ಲಿ ಸಂಗ್ರಹವಾಗುವ ಎರಡು ವಿಧಾನಗಳನ್ನು ಹೋಲಿಸುವರು.

ಪೂರ್ವಜ್ಞಾನ: ಅನುಪಾತ, ವಿಸ್ತೀರ್ಣ, ನಿರ್ದೇಶಾಂಕ ರೇಖಾಗಣಿತದ ಆರಂಭದ ಅಂಶಗಳು.

ಬೋಧನೋಪಕರಣಗಳು: ಗ್ರಾಫ್ ಹಾಳೆ, ಸ್ಟಿಕ್ಕರ್ ಅಂಗಡಿಯಲ್ಲಿ ಸಿಗುವ ವಿನೈಲ್ ಚೂರುಗಳು, ಒಂದು ಚಿತ್ರದ ಚಿಕ್ಕ ಹಾಗೂ ಹಿಗ್ಗಿಸಿದ ಪ್ರತಿಗಳು. ಕಂಪ್ಯೂಟರ್ ಇದ್ದರೆ ಅನುಕೂಲ, ಇಲ್ಲದಿದ್ದರೂ ಪಾಠ ನಡೆಯುತ್ತದೆ.

ಮೊದಲ ಹಂತ: ರೂಪದ ಪರೀಕ್ಷೆ

ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಲೋಗೊ ಕಳಿಸಿ ‘ಇದನ್ನೇ ದೊಡ್ಡದಾಗಿ ಹಾಕಿಕೊಡಿ’ ಎನ್ನುತ್ತಾರೆ. ಆ ಚಿತ್ರದ ಅಗಲ 800 ಪಿಕ್ಸೆಲ್ ಎಂದಿಟ್ಟುಕೊಳ್ಳೋಣ. ಬೋರ್ಡಿನಲ್ಲಿ ಅದು 40 ಇಂಚು ಅಗಲ ಬರಬೇಕು. ಇಂಚಿಗೆ ಎಷ್ಟು ಪಿಕ್ಸೆಲ್? 800 ÷ 40 = 20. ಒಂದು ಇಂಚು 25.4 ಮಿ.ಮೀ. ಆಗಿರುವುದರಿಂದ ಪ್ರತಿ ಪಿಕ್ಸೆಲ್‌ನ ಬದಿ 1.27 ಮಿ.ಮೀ. ಆಗುತ್ತದೆ. ಮಕ್ಕಳು ಗ್ರಾಫ್ ಹಾಳೆಯ 1 ಮಿ.ಮೀ. ಚೌಕವನ್ನು ನೋಡಿದರೆ ಸಾಕು, ಲೋಗೊದ ಅಂಚು ಏಕೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ ಎಂಬುದು ತಾನಾಗಿ ಹೊಳೆಯುತ್ತದೆ.

ವೆಕ್ಟರ್ ಚಿತ್ರದಲ್ಲಿ ಚುಕ್ಕೆಗಳ ಬದಲು ಬಿಂದುಗಳೂ ಅವುಗಳನ್ನು ಕೂಡಿಸುವ ರೇಖೆಗಳೂ ಇರುತ್ತವೆ. ಕೋರೆಲ್‌ಡ್ರಾ, ಅಡೋಬಿ ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್ ಇವು ವೆಕ್ಟರ್ ತಂತ್ರಾಂಶಗಳು. ಫೋಟೊಶಾಪ್ ಮತ್ತು ಗಿಂಪ್ ಮುಖ್ಯವಾಗಿ ಪಿಕ್ಸೆಲ್ ತಂತ್ರಾಂಶಗಳು. ಫ್ಲೆಕ್ಸ್ ಮುದ್ರಣಕ್ಕೆ ಎರಡೂ ಆಗುತ್ತದೆ. ವಿನೈಲ್ ಕತ್ತರಿಸುವ ಪ್ಲಾಟರಿಗೆ ಮಾತ್ರ ರೇಖೆಯೇ ಬೇಕು, ಏಕೆಂದರೆ ಬ್ಲೇಡು ರೇಖೆಯ ಮೇಲೆ ನಡೆಯುತ್ತದೆ. ಪಿಕ್ಸೆಲ್ ಚಿತ್ರವನ್ನು ಮೊದಲು ಟ್ರೇಸ್ ಮಾಡಿ ರೇಖೆಯಾಗಿಸಿಕೊಳ್ಳಬೇಕು.

ಎರಡನೆಯ ಹಂತ: ಪ್ಲಾಟರಿನ ಭಾಷೆ

ಅನೇಕ ಕಟಿಂಗ್ ಪ್ಲಾಟರುಗಳು ಎಚ್‌ಪಿಜಿಎಲ್ ಎಂಬ ಆಜ್ಞಾಭಾಷೆಯನ್ನು ಅರಿಯುತ್ತವೆ. ಅದರ ತಿರುಳು ಮೂರೇ ಮಾತು: ಪೆನ್ನು ಎತ್ತು, ಪೆನ್ನು ಇಳಿಸು, ಇಂಥ ಬಿಂದುವಿಗೆ ಹೋಗು. ಕಟಿಂಗ್ ಪ್ಲಾಟರಿನಲ್ಲಿ ಪೆನ್ನಿನ ಜಾಗದಲ್ಲಿ ಬ್ಲೇಡು ಇರುತ್ತದೆ. ಅದರ ಮೂಲ ಏಕಮಾನ 0.025 ಮಿ.ಮೀ., ಅಂದರೆ 1 ಸೆಂ.ಮೀ.ಗೆ 400 ಏಕಮಾನ, 1 ಇಂಚಿಗೆ 1016.

ಚಟುವಟಿಕೆ: ಮಕ್ಕಳು ಜೋಡಿಗಳಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂರಲಿ. ಒಬ್ಬರು ತಂತ್ರಾಂಶ, ಇನ್ನೊಬ್ಬರು ಯಂತ್ರ. ತಂತ್ರಾಂಶ ಹೇಳಬೇಕಾದ ಆಜ್ಞೆಗಳು: ಪೆನ್ನು ಎತ್ತಿ (0, 2)ಕ್ಕೆ ಹೋಗು, ಪೆನ್ನು ಇಳಿಸಿ (6, 2), (6, 0), (10, 3), (6, 6), (6, 4), (0, 4) ಬಿಂದುಗಳ ಮೂಲಕ ಸಾಗು, ಕೊನೆಗೆ (0, 2)ಕ್ಕೆ ಮರಳು. ಯಂತ್ರದ ಹಾಳೆಯಲ್ಲಿ ದಾರಿ ತೋರಿಸುವ ಬಾಣ ಮೂಡುತ್ತದೆ. ಕೊನೆಯ ಆಜ್ಞೆಯನ್ನು ಬಿಟ್ಟು ಇನ್ನೊಮ್ಮೆ ಮಾಡಿಸಿ. ಆಕೃತಿ ಮುಚ್ಚುವುದಿಲ್ಲ. ವಿನೈಲ್‌ನಲ್ಲಿ ಹೀಗಾದರೆ ಬಾಣ ಬಿಡಿಯಾಗಿ ಕಿತ್ತು ಬರುವುದಿಲ್ಲ, ಆ ಬದಿ ಹರಿಯುತ್ತದೆ.

ಮೂರನೆಯ ಹಂತ: ಅಳತೆಯ ಪರೀಕ್ಷೆ

ಈಗ ಅರ್ಧ ತರಗತಿಗೆ 1 ಸೆಂ.ಮೀ. ಚೌಕದ ಹಾಳೆ, ಉಳಿದವರಿಗೆ ಅರ್ಧ ಸೆಂ.ಮೀ. ಚೌಕದ ಹಾಳೆ ಕೊಟ್ಟು ಅದೇ ಆಜ್ಞೆಗಳನ್ನು ಹೇಳಿ. ಎರಡೂ ಬಾಣಗಳ ಆಕಾರ ಒಂದೇ. ಆದರೆ ಒಂದರ ವಿಸ್ತೀರ್ಣ 24 ಚದರ ಸೆಂ.ಮೀ., ಇನ್ನೊಂದರದು 6. ಸಂಖ್ಯೆಗಳು ಸರಿಯಾಗಿಯೇ ತಲುಪಿವೆ, ಏಕಮಾನ ತಲುಪಿಲ್ಲ.

ಅಂಗಡಿಯಲ್ಲಿ ನಡೆಯುವುದೂ ಇದೇ. ಇಂಕ್‌ಸ್ಕೇಪ್‌ನ 0.91 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳು 1 ಇಂಚಿಗೆ 90 ಪಿಕ್ಸೆಲ್ ಎಂದು ಎಣಿಸುತ್ತಿದ್ದವು. 2017ರಲ್ಲಿ ಬಂದ 0.92ರಿಂದ ಅದು 96 ಆಯಿತು. ಹಳೆಯದರಲ್ಲಿ 48 ಇಂಚಿಗೆ ಬರೆದ, ಅಳತೆ ಕೇವಲ ಪಿಕ್ಸೆಲ್‌ನಲ್ಲಿರುವ ಫೈಲನ್ನು ತಿದ್ದದೆ ಹೊಸದರಲ್ಲಿ ಬಳಸಿದರೆ 48 × 90 ÷ 96 = 45 ಇಂಚು. ಇಲ್ಲಸ್ಟ್ರೇಟರ್‌ನ ಲೆಕ್ಕ ಇಂಚಿಗೆ 72. 96ರ ಲೆಕ್ಕದಲ್ಲಿ ಬರೆದ ಅದೇ 48 ಇಂಚು ಅಲ್ಲಿ 64 ಆಗಿಬಿಡಬಹುದು. ಮೂರು ಇಂಚು ಕಡಿಮೆಯಾದ ಬೋರ್ಡು ಕಬ್ಬಿಣದ ಫ್ರೇಮಿಗೆ ಕೂರುವುದಿಲ್ಲ, ಅದರ ಖರ್ಚು ಅಂಗಡಿಯವರ ತಲೆಗೇ ಬರುತ್ತದೆ.

ಇದಕ್ಕೆ ಪರಿಹಾರ ಸರಳ: ಪ್ರತಿ ಹೊಸ ಜೋಡಣೆಯಲ್ಲಿ 10 ಸೆಂ.ಮೀ. ಬದಿಯ ಒಂದು ಚೌಕ ಕಳಿಸಿ, ಯಂತ್ರದಿಂದ ಬಂದದ್ದನ್ನು ಸ್ಕೇಲಿಟ್ಟು ಅಳೆಯುವುದು.

ನಾಲ್ಕನೆಯ ಹಂತ: ಅಕ್ಷರದ ಪರೀಕ್ಷೆ

ಕರ್ನಾಟಕದಲ್ಲಿ ಈ ಪರೀಕ್ಷೆಗೆ ಹೆಚ್ಚಿನ ತೂಕ. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯ ಪ್ರಕಾರ ವಾಣಿಜ್ಯ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು. ಕನ್ನಡವನ್ನು ಸರಿಯಾಗಿ ಮೂಡಿಸದ ತಂತ್ರಾಂಶ ಇಲ್ಲಿ ಅಂಗಡಿ ನಡೆಸಲಾರದು.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದ ಇಂಗ್ಲಿಷಿನ ‘ಪಿ’, ಪೌಂಡ್ ಚಿಹ್ನೆ ಮುಂತಾದವುಗಳ ಸಾಲಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಿವೆ, ದಶಮಾನದಲ್ಲಿ 3200ರಿಂದ 3327ರವರೆಗೆ. ‘ಕ’ ಅಕ್ಷರದ ಸಂಖ್ಯೆ 3221. ಫಾಂಟು ಬದಲಾದರೂ ಅಕ್ಷರ ಬದಲಾಗುವುದಿಲ್ಲ. ಆದರೆ ಒತ್ತಕ್ಷರವನ್ನು ಜೋಡಿಸುವ ಕೆಲಸ ತಂತ್ರಾಂಶದ್ದು. ಆ ಶಕ್ತಿಯಿಲ್ಲದ ಹಳೆಯ ಆವೃತ್ತಿಗಳಲ್ಲಿ ‘ಸ್ಟೋರ್ಸ್’ ಒಡೆದು ಬಿಡಿಬಿಡಿಯಾಗಿ ಕಾಣುತ್ತದೆ. ಹೀಗಾಗಿಯೇ ಹಲವು ಅಂಗಡಿಗಳಲ್ಲಿ ಇಂದಿಗೂ ನುಡಿಯ ಹಳೆಯ ಫಾಂಟುಗಳು ಉಳಿದಿವೆ.

ಬೇರೆಯವರಿಗೆ ಫೈಲ್ ಕಳಿಸುವ ಮುನ್ನ ಅಕ್ಷರಗಳನ್ನು ರೇಖೆಗಳಾಗಿ ಬದಲಿಸುವುದು ರೂಢಿ. ಕೋರೆಲ್‌ಡ್ರಾದಲ್ಲಿ ಅದಕ್ಕೆ ‘ಕನ್ವರ್ಟ್ ಟು ಕರ್ವ್ಸ್’, ಇಂಕ್‌ಸ್ಕೇಪ್‌ನಲ್ಲಿ ‘ಆಬ್ಜೆಕ್ಟ್ ಟು ಪಾಥ್’ ಎನ್ನುತ್ತಾರೆ. ಇಷ್ಟು ವಿವರಿಸುವ ಹೊತ್ತಿಗೆ ಮಕ್ಕಳಿಂದ ಒಂದು ಪ್ರಶ್ನೆ ಬರುವುದು ಸಹಜ: ‘ಸರ್, ಆಮೇಲೆ ಕಾಗುಣಿತ ತಪ್ಪಿದ್ದರೆ ತಿದ್ದೋದು ಹೇಗೆ?’ ತಿದ್ದಲಾಗದು. ಆದ್ದರಿಂದ ತಿದ್ದಬಹುದಾದ ಮೂಲ ಫೈಲ್ ಒಂದು, ಕಳಿಸುವ ಫೈಲ್ ಒಂದು, ಹೀಗೆ ಎರಡು ಇಟ್ಟುಕೊಳ್ಳಬೇಕು.

ಕತ್ತರಿಸುವ ಕೆಲಸದಲ್ಲಿ ಇನ್ನೊಂದು ತೊಡಕಿದೆ. ಕನ್ನಡದ ಗುಣಿತ ಚಿಹ್ನೆ, ಒತ್ತುಗಳು ಮೂಲಾಕ್ಷರದ ಮೇಲೆ ಕೊಂಚ ಹಾಯ್ದಿರುತ್ತವೆ. ಮುದ್ರಣದಲ್ಲಿ ಅದು ಕಾಣದು. ಬ್ಲೇಡು ಮಾತ್ರ ಎರಡೂ ರೇಖೆಗಳ ಮೇಲೆ ನಡೆದು ಅಕ್ಷರವನ್ನು ಸೀಳುತ್ತದೆ. ‘ವೆಲ್ಡ್’ ಅಥವಾ ‘ಯೂನಿಯನ್’ ಆಜ್ಞೆಯಿಂದ ಅವನ್ನು ಒಂದಾಗಿಸಬೇಕು. ಗಣಗಳ ಸಂಯೋಗವನ್ನು ಕಲಿಸುವಾಗ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು. ‘ಯೂನಿಯನ್’ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು.

ವಿಸ್ತರಣೆ: ಕೊಳ್ಳುವ ಕ್ರಮ

ಗುಂಪು ಚರ್ಚೆಗೆ ಒಂದು ಸನ್ನಿವೇಶ: ಒಬ್ಬ ಅಕ್ಕ ಸ್ಟಿಕ್ಕರ್ ಅಂಗಡಿ ಹಾಕಲಿದ್ದಾರೆ. ವಿನೈಲ್ ಕೆಲಸ ತಮ್ಮಲ್ಲೇ, ಫ್ಲೆಕ್ಸ್ ಮುದ್ರಣ ಜಿಲ್ಲಾ ಕೇಂದ್ರದ ಪ್ರೆಸ್ಸಿನಲ್ಲಿ. ಅವರು ಏನನ್ನು ಯಾವ ಕ್ರಮದಲ್ಲಿ ವಿಚಾರಿಸಬೇಕು?

ಚರ್ಚೆ ಈ ಕ್ರಮದತ್ತ ಸಾಗಲಿ. ಮೊದಲು, ಪ್ರೆಸ್ಸಿನವರು ತೆಗೆದುಕೊಳ್ಳುವ ಫೈಲ್ ಯಾವುದು, ಅವರಲ್ಲಿರುವ ಕೋರೆಲ್‌ಡ್ರಾ ಆವೃತ್ತಿ ಯಾವುದು? ಹೊಸ ಆವೃತ್ತಿಯ ಫೈಲನ್ನು ಹಳೆಯದು ತೆರೆಯುವುದಿಲ್ಲ, ಉಳಿಸುವಾಗಲೇ ಹಳೆಯ ಆವೃತ್ತಿಯನ್ನು ಆರಿಸಬೇಕು. ಎರಡನೆಯದು, ಪ್ಲಾಟರಿನ ಡ್ರೈವರ್ ತಮ್ಮ ಕಂಪ್ಯೂಟರಿನ ವಿಂಡೋಸ್ ಅಥವಾ ಲಿನಕ್ಸ್‌ಗೆ ಇದೆಯೇ? ಮೂರನೆಯದಾಗಿ ತಂತ್ರಾಂಶದ ಆಯ್ಕೆ. ಇಂಕ್‌ಸ್ಕೇಪ್ ಉಚಿತ, ಎಸ್‌ವಿಜಿ ಮತ್ತು ಪಿಡಿಎಫ್ ಕೊಡುತ್ತದೆ. ಆದರೆ ಕೋರೆಲ್‌ಡ್ರಾದ ಮೂಲ ರೂಪದಲ್ಲಿ ಉಳಿಸಲಾರದು. ಪ್ರೆಸ್ಸು ಪಿಡಿಎಫ್ ಒಪ್ಪುವುದಾದರೆ ತಂತ್ರಾಂಶದ ಖರ್ಚೇ ಉಳಿಯುತ್ತದೆ. ಕೊನೆಯದು, ಹಣ ಕೊಡುವ ಮುನ್ನ ತಮ್ಮದೇ ಕನ್ನಡ ಫೈಲನ್ನು ಆ ಯಂತ್ರದಲ್ಲಿ ಕತ್ತರಿಸಿ ನೋಡುವುದು. ಕಳ್ಳ ಪ್ರತಿ ಬಳಸಿದರೇನು ಎಂಬ ಪ್ರಶ್ನೆ ಎದ್ದರೆ ತಳ್ಳಿಹಾಕಬೇಡಿ. ಉಚಿತ ತಂತ್ರಾಂಶ ಇರುವಾಗ ಅದರ ಅಗತ್ಯವೇನು ಎಂದು ಮಕ್ಕಳೇ ತರ್ಕಿಸಲಿ.

ಮೌಲ್ಯಮಾಪನ

1. 600 ಪಿಕ್ಸೆಲ್ ಅಗಲದ ಚಿತ್ರವನ್ನು 50 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ ಎಷ್ಟು ಪಿಕ್ಸೆಲ್?
2. 12 ಸೆಂ.ಮೀ. ರೇಖೆಗೆ ಪ್ಲಾಟರಿನ ಎಷ್ಟು ಏಕಮಾನ ಬೇಕು?
3. ಉದ್ದ 96 : 72ರ ಅನುಪಾತದಲ್ಲಿ ಹಿಗ್ಗಿದರೆ ವಿನೈಲ್ ಹಾಳೆಯ ವಿಸ್ತೀರ್ಣ ಎಷ್ಟು ಪಟ್ಟು ಆಗುತ್ತದೆ?
4. ನಿಮ್ಮ ಊರಿನ ಒಂದು ಬೋರ್ಡಿನಲ್ಲಿ ಒಡೆದ ಒತ್ತಕ್ಷರ ಅಥವಾ ಮಸುಕಾದ ಲೋಗೊ ಹುಡುಕಿ, ಮೂರು ಪರೀಕ್ಷೆಗಳಲ್ಲಿ ಯಾವುದು ತಪ್ಪಿದೆ ಎಂದು ಬರೆಯಿರಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ತಂತ್ರಾಂಶಗಳ ಹೆಸರು, ಆವೃತ್ತಿಗಳು ಬದಲಾಗುತ್ತಲೇ ಇರುತ್ತವೆ. ಅವನ್ನು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ. ಸಮಯ ಸಾಲದಿದ್ದರೆ ವಿಸ್ತರಣೆಯನ್ನು ಮನೆಗೆಲಸವಾಗಿ ಕೊಡಿ, ಬಾಣದ ಚಟುವಟಿಕೆಯನ್ನು ಮಾತ್ರ ಬಿಡಬೇಡಿ. ಒಂದೇ ಆಜ್ಞೆ ಎರಡು ಹಾಳೆಗಳಲ್ಲಿ ಎರಡು ಗಾತ್ರವಾಗುವುದನ್ನು ಕೈಯಾರೆ ಬಿಡಿಸಿದ ಮಗು, ಮುಂದೆ ಯಾವ ಯಂತ್ರದ ಮುಂದೆ ನಿಂತರೂ ಏಕಮಾನ ಯಾವುದೆಂದು ಕೇಳಿಯೇ ಕೆಲಸ ಶುರುಮಾಡುತ್ತದೆ.